ಚೆಂಡು ಯಾರ ಕೈಗೆ?

ದಸರೆ ಕಳೆದು ದೀಪಾವಳಿ ಇನ್ನೂ ಬಾರದಿರುವ ದಿನಗಳಲ್ಲಿ, ಹೊಸಕೋಟೆಯ ಸುತ್ತಣ ಹೊಲಗಳಲ್ಲಿ ರಾಗಿಯ ತೆನೆ ಭಾರದಿಂದ ಬಾಗಿರುವಾಗ, ರಣಜಿ ಪಂದ್ಯಾವಳಿಗೆ ಕರ್ನಾಟಕದ ಸಂಭಾವ್ಯ ಆಟಗಾರರ ಪಟ್ಟಿ ಪತ್ರಿಕೆಯಲ್ಲಿ ಕಾಣಿಸಿಕೊಂಡಿತೆಂದರೆ, ಈ ಊರಿನ ಕ್ರಿಕೆಟ್ ಪ್ರೇಮಿಗಳ ನಡುವೆ ವರ್ಷಕ್ಕೊಮ್ಮೆ ತಪ್ಪದೆ ಏಳತಕ್ಕ ಒಂದು ವಾದವು ಎದ್ದೇ ಏಳುತ್ತದೆ. ದಾಂಡಿಗರ ವಿಷಯದಲ್ಲಿ ಅಷ್ಟಾಗಿ ಭಿನ್ನಾಭಿಪ್ರಾಯವಿಲ್ಲ. ಕಳೆದ ವರ್ಷದ ಓಟಗಳೇ ಅವರ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ನುಡಿಯುತ್ತವೆ. ವಾದ ಕಾವೇರುವುದು ಬೌಲರುಗಳ ವಿಚಾರ ಬಂದಾಗ. ಹೊಸ ಚೆಂಡನ್ನು ಯಾರ ಕೈಗೆ ಕೊಡಬೇಕು, ಹೊಳಪು ಹೋದ ಮೇಲೆ ಯಾರು ಬರಬೇಕು, ಇಬ್ಬರು ಸ್ಪಿನ್ನರುಗಳು ಬೇಕೆ ಒಬ್ಬನೇ ಸಾಕೆ, ಮೂರನೆಯ ದಿನ ಮಧ್ಯಾಹ್ನ ಎಲ್ಲರ ತೋಳುಗಳೂ ಸೋತಿರುವಾಗ ಯಾರನ್ನು ಕರೆಯಬೇಕು ಎಂಬಿವೇ ಪ್ರಶ್ನೆಗಳು. ಒಬ್ಬ ಬೌಲರನ ಹೆಸರನ್ನು ಯಾರಾದರೂ ಎತ್ತಿ ಹೊಗಳಿದೊಡನೆಯೇ ನಮ್ಮ ಹಿರಿಯರು ಕೇಳುತ್ತಿದ್ದದ್ದು ಒಂದೇ ಮಾತು: “ಅದು ಸರಿ ಕಣಪ್ಪ, ಆ ಕಡೆಯಿಂದ ಯಾರು?”

ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಮೈಸೂರು ಸಂಸ್ಥಾನದ ತಂಡ ರಣಜಿ ಆಟಕ್ಕೆ ಇಳಿದ ದಿನದಿಂದ ಇಂದಿನವರೆಗೆ, ಎದುರಿನ ತುದಿಯಲ್ಲಿ ಯಾರೂ ಇಲ್ಲದ ಕೊರತೆಯೂ, ಅಲ್ಲಿ ತಕ್ಕವನೊಬ್ಬ ದೊರೆತಾಗಿನ ಸಮೃದ್ಧಿಯೂ ಒಂದಾದ ಮೇಲೊಂದರಂತೆ ಬಂದು ಹೋಗಿವೆ. ನಾಡಿನ ಕ್ರಿಕೆಟ್ಟಿನ ಏಳುಬೀಳುಗಳೆಲ್ಲ ಬಹುಮಟ್ಟಿಗೆ ಆ ಒಂದು ಪ್ರಶ್ನೆಗೆ ದೊರೆತ ಬೇರೆ ಬೇರೆ ಉತ್ತರಗಳೆಂದೇ ನಾನು ತಿಳಿದಿದ್ದೇನೆ.

ಹೊಸಕೋಟೆ ಈ ಕಥೆಯಲ್ಲಿ ಆಡಿದವರ ಊರಲ್ಲ, ಕೇಳಿದವರ ಊರು. ಸುಗಟೂರಿನ ತಮ್ಮೇಗೌಡನು ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಕೋಟೆಯೂ, ಊರಿಗೆ ಒತ್ತಿಕೊಂಡಿರುವ ದೊಡ್ಡ ಕೆರೆಯೂ, ಅವಿಮುಕ್ತೇಶ್ವರನ ಗುಡಿಯೂ ಇದರ ಹಳಮೆಯನ್ನು ಸಾರುತ್ತವೆಯಾದರೂ, ಈ ಊರಿನ ಭಾಗ್ಯವನ್ನು ರೂಪಿಸಿದ್ದು ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೇಲೆ ಹಾದು ಮದರಾಸಿನತ್ತ ಸಾಗುವ ಹೆದ್ದಾರಿ. 1768ರಲ್ಲಿ ಹೈದರಾಲಿಗೂ ಇಂಗ್ಲಿಷರ ಪಕ್ಷದ ಸೈನ್ಯಕ್ಕೂ ಈ ಊರ ಬಳಿಯಲ್ಲಿಯೇ ಕಾಳಗ ನಡೆಯಿತು. ದಂಡು ನಡೆದ ದಾರಿಯಲ್ಲಿಯೇ ಮುಂದೆ ಮೋಟಾರುಗಳೂ, ಅವುಗಳೊಡನೆ ಪತ್ರಿಕೆಯ ಕಟ್ಟುಗಳೂ ಬಂದುವು. ಬೆಂಗಳೂರು ಒಂದು ಗಂಟೆಯ ಪ್ರಯಾಣದಷ್ಟೇ ದೂರವಾದುದರಿಂದ, ಆಟ ನೋಡಲು ಬೆಳಗಿನ ಬಸ್ಸಿನಲ್ಲಿ ಹೋಗಿ ಕತ್ತಲಾಗುವಷ್ಟರಲ್ಲಿ ಮನೆ ಸೇರುವ ಅನುಕೂಲವಿತ್ತು. ಹೋಗಿ ಬಂದವನು ಮಾರನೆಯ ದಿನ ಊರಿಗೆಲ್ಲ ವರದಿಗಾರನಾಗುತ್ತಿದ್ದನು. ಊರಿನ ಒಂದು ಕಿವಿ ಬೆಂಗಳೂರಿನ ಕಡೆಗೂ ಇನ್ನೊಂದು ಮದರಾಸಿನ ಕಡೆಗೂ ತೆರೆದಿದ್ದುದು ಈ ವಾದದ ಬಣ್ಣವನ್ನೇ ಬೇರೆ ಮಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಇಂಥ ವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ರಿಕೆಟ್ಟಿನ ದೂರದ ದಾಯಾದಿಯಾದ ಬೇಸ್‌ಬಾಲ್ ಆಟವನ್ನು ಪ್ರಾಣಕ್ಕೆ ಸಮನಾಗಿ ಕಾಣುವ ಅಮೆರಿಕದಲ್ಲಿ, ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ತಂಡಗಳು ಬೆಚ್ಚನೆಯ ಸೀಮೆಗಳಿಗೆ ಹೋಗಿ ಅಭ್ಯಾಸ ಹೂಡುವ ಕಾಲಕ್ಕೆ, ಚೆಂಡೆಸೆಯುವ ಪಿಚರುಗಳಲ್ಲಿ ಯಾರು ಯಾರು ಯಾವ ಸರದಿಯಲ್ಲಿ ಪಂದ್ಯವನ್ನು ಆರಂಭಿಸಬೇಕೆಂಬ ಚರ್ಚೆ ಮನೆಮನೆಯಲ್ಲಿಯೂ ನಡೆಯುತ್ತದೆ. ಅಲ್ಲಿ ಒಂದು ಋತುವಿಗೆ 162 ಪಂದ್ಯಗಳು. ಬಹುಪಾಲು ದಿನಗಳಲ್ಲಿ ಆಟವಿರುತ್ತದೆ. ಚೆಂಡನ್ನು ಬಲವಾಗಿ ಎಸೆಯುವ ತೋಳು ಒಂದು ದಿನ ದುಡಿದರೆ ಕೆಲವು ದಿನ ವಿಶ್ರಾಂತಿಯನ್ನು ಬೇಡುತ್ತದೆಯಾದ್ದರಿಂದ ಸರದಿ ಅನಿವಾರ್ಯವಾಯಿತು. 1884ರಲ್ಲಿ ಪ್ರಾವಿಡೆನ್ಸ್ ತಂಡದ ಚಾರ್ಲ್ಸ್ ರ‍್ಯಾಡ್‌ಬೋರ್ನ್ ಎಂಬಾತನು ದಿನಬಿಟ್ಟು ದಿನ, ಕೆಲವೊಮ್ಮೆ ದಿನವೂ ಚೆಂಡೆಸೆದು ಒಬ್ಬನೇ ಗೆದ್ದ ಪಂದ್ಯಗಳು 59 ಎಂದು ಕೆಲವರೂ 60 ಎಂದು ಕೆಲವರೂ ಇಂದಿಗೂ ವಾದಿಸುತ್ತಾರೆ. ಆ ಋತುವಿನಲ್ಲಿ ಅವನ ತೋಳು ತಲೆ ಬಾಚಿಕೊಳ್ಳಲಾರದಷ್ಟು ನೋಯುತ್ತಿತ್ತೆಂಬ ಕಥೆಯೂ ಉಂಟು. ಅಂಥ ಅಮಾನುಷವಾದ ದುಡಿಮೆಯಿಂದ ನಾಲ್ವರ ಸರದಿಗೂ, 1970ರ ದಶಕದಿಂದೀಚೆಗೆ ಐವರ ಸರದಿಗೂ ಆ ಆಟ ಸಾಗಿಬಂದಿದೆ. 1948ರಲ್ಲಿ ಬಾಸ್ಟನ್ ನಗರದ ತಂಡದಲ್ಲಿ ವಾರನ್ ಸ್ಪಾನ್, ಜಾನಿ ಸೇನ್ ಎಂಬ ಇಬ್ಬರು ಸಮರ್ಥರಿದ್ದರು. ಅವರಿಬ್ಬರ ಸರದಿ ಮುಗಿದ ದಿನಗಳಲ್ಲಿ ಮಳೆ ಬಂದು ಆಟ ನಿಂತರೆ ಸಾಕೆಂದು ಊರಿನ ಜನ ಹಾರೈಸುವರೆಂಬ ಅರ್ಥದ ಚುಟುಕವೊಂದನ್ನು ಅಲ್ಲಿನ ಪತ್ರಿಕೆಯ ಸಂಪಾದಕನೊಬ್ಬ ಬರೆದು ಅದು ಮನೆಮಾತಾಯಿತು.

ಆದರೆ ಒಂದು ಭೇದವನ್ನು ಗಮನಿಸಬೇಕು. ಅಲ್ಲಿ ಪಿಚರನು ತನ್ನ ದಿನದಲ್ಲಿ ದಿಬ್ಬದ ಮೇಲೆ ಏಕಾಂಗಿ, ಆದುದರಿಂದ ಅವರ ಪ್ರಶ್ನೆ “ಯಾವ ದಿನ ಯಾರು?” ಎಂಬುದು. ನಮ್ಮಲ್ಲಿ ಆರು ಚೆಂಡು ಮುಗಿದೊಡನೆ ತುದಿ ಬದಲಾಗಿ ಇನ್ನೊಬ್ಬನು ಬರಲೇಬೇಕು. ಎಂಥ ಅಸಾಮಾನ್ಯನಾದರೂ ಒಬ್ಬನು ದಿನದ ಅರ್ಧಕ್ಕಿಂತ ಹೆಚ್ಚು ಓವರುಗಳನ್ನು ಹಾಕಲಾರನು. ಅವನು ಬಿಗಿಹಿಡಿದು ಕಟ್ಟಿದ್ದನ್ನು ಎದುರಿನ ತುದಿಯವನು ಒಂದೇ ಓವರಿನಲ್ಲಿ ಸಡಿಲಿಸಿಬಿಡಬಹುದು. ಹೀಗಾಗಿ ನಮ್ಮ ವಾದ ಒಬ್ಬ ವ್ಯಕ್ತಿಯನ್ನು ಕುರಿತದ್ದಾಗದೆ ಜೋಡಿಯನ್ನು ಕುರಿತದ್ದಾಯಿತು.

ಮೈಸೂರಿನ ಕಥೆ ಪರಾಭವದಿಂದಲೇ ಆರಂಭವಾಗುತ್ತದೆ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆದಾಗ ಮದರಾಸಿಗೆ ಎದುರಾಗಿ ನಿಂತದ್ದು ಮೈಸೂರು ತಂಡ. ಒದ್ದೆಯಾಗಿದ್ದ ನೆಲದ ಮೇಲೆ ಮೈಸೂರಿನವರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59 ಓಟಗಳಿಗೆ ಉರುಳಿದರು. ಮದರಾಸಿನವರು ಒಂದೇ ಸರದಿಯಲ್ಲಿ 130 ಗಳಿಸಿದ್ದರು. ಹೊತ್ತು ಮುಳುಗುವ ಮೊದಲೇ, ಮೊದಲ ದಿನವೇ ಪಂದ್ಯ ಮುಗಿದುಹೋಯಿತು. ಎ. ಜಿ. ರಾಮಸಿಂಗ್ ಎಂಬ ಎಡಗೈ ಸ್ಪಿನ್ನರನು ಎರಡು ಸರದಿಗಳಲ್ಲಿಯೂ ಕೂಡಿ 35 ಓಟ ಕೊಟ್ಟು 11 ವಿಕೆಟ್ಟುಗಳನ್ನು ಕೆಡವಿದನು. ನಾಡಿನ ಕ್ರಿಕೆಟ್ ಕಲಿತ ಮೊದಲನೆಯ ಪಾಠವೇ ಇದಾಯಿತು: ತೇವವಿದ್ದ ನೆಲದಲ್ಲಿ ಚೆಂಡನ್ನು ತಿರುಗಿಸಬಲ್ಲವನೊಬ್ಬನಿದ್ದರೆ ಹನ್ನೊಂದು ಜನ ದಾಂಡಿಗರಿದ್ದೂ ಪ್ರಯೋಜನವಿಲ್ಲ. ಮೈಸೂರು ಈ ಪಾಠವನ್ನು ಮರೆಯಲಿಲ್ಲವೆಂಬುದಕ್ಕೆ ಮುಂದಿನ ನಾಲ್ಕು ದಶಕಗಳೇ ಪ್ರಮಾಣ.

ಅನಂತರದ ಕಾಲುಶತಮಾನವನ್ನು ನಾನು ಬೇಗ ದಾಟುತ್ತೇನೆ. ಮೈಸೂರು 1941-42ರಲ್ಲಿ ಒಮ್ಮೆ, 1959-60ರಲ್ಲಿ ಇನ್ನೊಮ್ಮೆ ಅಂತಿಮ ಪಂದ್ಯವನ್ನು ಮುಟ್ಟಿ ಎರಡು ಸಲವೂ ಮುಂಬಯಿಗೆ ಸೋತಿತು. ಆ ಕಾಲದಲ್ಲಿ ಈ ಸೀಮೆಯ ಆಟ ಬಹುಪಾಲು ನಡೆಯುತ್ತಿದ್ದದ್ದು ತೆಂಗಿನ ನಾರಿನ ಮ್ಯಾಟಿನ ಮೇಲೆ. ಗಟ್ಟಿನೆಲದ ಮೇಲೆ ಬಿಗಿಯಾಗಿ ಹಾಸಿದ ಮ್ಯಾಟು ಚೆಂಡನ್ನು ಎತ್ತರಕ್ಕೆ ಪುಟಿಸುತ್ತದೆ, ಬೆರಳು ತಿರುಚಿದವನಿಗೆ ಅದು ಮೊದಲ ಓವರಿನಿಂದಲೇ ಒಲಿಯುತ್ತದೆ. ವೇಗದ ಚೆಂಡಿನವರು ನಾಡಿನಲ್ಲಿ ಹುಟ್ಟಲಿಲ್ಲವೆಂದಲ್ಲ, ಜಿ. ಕಸ್ತೂರಿರಂಗನ್ ಅವರು 1952-53ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಆಯ್ಕೆಗೊಂಡಿದ್ದ ಒಳ್ಳೆಯ ಬೌಲರು, ಆದರೆ ಆ ಪ್ರವಾಸಕ್ಕೆ ಅವರು ಹೋಗಲಿಲ್ಲ. ಮುಂದೆ ಪಿಚ್ಚುಗಳನ್ನು ಸಿದ್ಧಪಡಿಸುವ ವಿದ್ಯೆಯಲ್ಲಿ ಅವರು ದೊಡ್ಡ ಹೆಸರನ್ನು ಪಡೆದರು. ಅಂಥವರು ವಿರಳ, ನಾಡಿನ ಪ್ರತಿಭೆ ಹರಿದದ್ದು ಸ್ಪಿನ್ನಿನ ಕಾಲುವೆಯಲ್ಲಿಯೇ.

ಈಗ ಕಥೆಯ ಹೃದಯಕ್ಕೆ ಬಂದೆವು. ಎರಪಳ್ಳಿ ಪ್ರಸನ್ನ 1940ರಲ್ಲಿ ಬೆಂಗಳೂರಿನಲ್ಲಿಯೂ, ಭಾಗವತ್ ಚಂದ್ರಶೇಖರ್ 1945ರಲ್ಲಿ ಮೈಸೂರಿನಲ್ಲಿಯೂ ಜನಿಸಿದರು. ಪ್ರಸನ್ನರು 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಮೊದಲ ಟೆಸ್ಟನ್ನು ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದು, ತರುವಾಯ ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಕುಳಿತುಬಿಟ್ಟರು. ಟೆಸ್ಟ್ ಆಟಕ್ಕೆ ಅವರು ಮರಳಿದ್ದು ಐದು ವರ್ಷಗಳ ಮೇಲೆ, 1967ರಲ್ಲಿ. ಬಂದವರೇ ಆ ವರ್ಷಾಂತ್ಯದಿಂದ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಎಂಟು ಟೆಸ್ಟುಗಳಿಂದ 49 ವಿಕೆಟ್ಟುಗಳನ್ನು ಪಡೆದರು. ಭಾರತವು ಪರದೇಶದಲ್ಲಿ ಗೆದ್ದ ಮೊದಲ ಸರಣಿ ಆ ನ್ಯೂಜಿಲೆಂಡಿನದೇ. ಚಂದ್ರಶೇಖರರದು ಬೇರೆ ಬಗೆಯ ಕಥೆ. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲತೋಳು ಸೊರಗಿತ್ತು. ಮೈದಾನದಲ್ಲಿ ಚೆಂಡನ್ನು ಹಿಡಿದೆಸೆಯಲು ಎಡಗೈಯನ್ನೇ ನೆಚ್ಚಬೇಕಾಗಿದ್ದ ಆ ಹುಡುಗನು, ಸೊರಗಿದ ಬಲತೋಳಿನಿಂದಲೇ ಲೆಗ್‌ಸ್ಪಿನ್ ಹಾಕಿದನು. ಬೆಂಗಳೂರಿನ ಸಿಟಿ ಕ್ರಿಕೆಟರ್ಸ್ ತಂಡದಲ್ಲಿ ಕಣ್ಣಿಗೆ ಬಿದ್ದು, ಕೆಲವೇ ತಿಂಗಳುಗಳಲ್ಲಿ ಮೈಸೂರಿಗೆ ಆಡಿ, 1964ರ ಜನವರಿಯಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಭಾರತದ ಟೆಸ್ಟ್ ತಂಡವನ್ನು ಸೇರಿದನು. ಮುಂದೆ 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳನ್ನು ಗಳಿಸಿದ ಅವರು ಅಷ್ಟೂ ಟೆಸ್ಟುಗಳಲ್ಲಿ ದಾಂಡಿನಿಂದ ಗಳಿಸಿದ ಓಟಗಳು 167 ಮಾತ್ರ.

ಇವರಿಬ್ಬರ ಸ್ವಭಾವಗಳ ವೈರುದ್ಧ್ಯವೇ ಹೊಸಕೋಟೆಯ ವಾದಕ್ಕೆ ಮೇವಾಯಿತು. ಪ್ರಸನ್ನರ ಚೆಂಡು ಗಾಳಿಯಲ್ಲಿ ತೇಲಿ, ಬಿತ್ತೆಂದು ದಾಂಡಿಗನು ಎಣಿಸಿದ ಜಾಗಕ್ಕಿಂತ ಅಂಗುಲಗಳಷ್ಟು ಹಿಂದೆಯೇ ಇಳಿಯುತ್ತಿತ್ತು. ಅವರು ದಾಂಡಿಗನನ್ನು ಮುಂದಕ್ಕೆ ಕರೆದು, ಯೋಚಿಸಲು ಬಿಟ್ಟು, ಯೋಚನೆಯಲ್ಲಿಯೇ ಕೆಡವುತ್ತಿದ್ದರು. ಚಂದ್ರಶೇಖರರ ಚೆಂಡು ಸ್ಪಿನ್ನರನದೆಂದು ನಂಬಲಾಗದಷ್ಟು ವೇಗವಾಗಿ ಬಂದು, ಗೂಗ್ಲಿಯೋ ನೇರವೋ ಎಂದು ಅರಿಯುವಷ್ಟರಲ್ಲಿ ಗೂಟವನ್ನು ಹಾರಿಸುತ್ತಿತ್ತು. ಆದರೆ ಅವರು ಓಟಗಳನ್ನೂ ಧಾರಾಳವಾಗಿ ಕೊಡುತ್ತಿದ್ದರು. ಹಾಗಾದರೆ ಚಂದ್ರಶೇಖರರನ್ನು ಮೊದಲು ತರಬೇಕೆ, ಪ್ರಸನ್ನರು ದಾಂಡಿಗರನ್ನು ಕಟ್ಟಿಹಾಕಿದ ಮೇಲೆ ತರಬೇಕೆ? ಒಂದು ಪಕ್ಷದವರು, ಚಂದ್ರ ಕೊಡುವ ಓಟಗಳನ್ನು ಲೆಕ್ಕಿಸದೆ ಬೆಳಗ್ಗೆಯೇ ಅವರಿಗೆ ಚೆಂಡು ಕೊಡಬೇಕು, ಒಂದು ಗಂಟೆಯಲ್ಲಿ ಪಂದ್ಯ ತಿರುಗಿಬಿಡುತ್ತದೆ ಎನ್ನುವರು. ಇನ್ನೊಂದು ಪಕ್ಷದವರು, ಪ್ರಸನ್ನ ಒಂದು ಕಡೆ ಬಾಗಿಲು ಮುಚ್ಚಿದರೆ ಮಾತ್ರ ಚಂದ್ರ ಇನ್ನೊಂದು ಕಡೆ ಬೇಟೆಯಾಡಬಲ್ಲರು ಎನ್ನುವರು. ಈ ಜೋಡಿಗೆ ಮೂರನೆಯವರಾಗಿ ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣರಿದ್ದರು, ಅವರು ಬೇರೆ ಯಾವುದೇ ತಂಡದಲ್ಲಿದ್ದರೆ ಅಗ್ರಪಂಕ್ತಿಯ ಬೌಲರೆನಿಸುತ್ತಿದ್ದರು. ಪ್ರಸನ್ನ, ಚಂದ್ರ ಇಬ್ಬರೂ ಟೆಸ್ಟ್ ಆಟಕ್ಕೆ ಹೋದ ವಾರಗಳಲ್ಲಿ ಎಲ್ಲ ಭಾರವೂ ಅವರ ಹೆಗಲಿಗೆ ಬೀಳುತ್ತಿತ್ತೆಂಬುದನ್ನು ಊರಿನ ಬಲ್ಲವರು ಮರೆಯದೆ ಹೇಳುತ್ತಿದ್ದರು.

ಈ ವಾದಗಳು ಕೇವಲ ಬಾಯಿಚಪಲದವಾಗಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ನಮ್ಮವರಿಗೆ ಮಣ್ಣು ಗೊತ್ತಿತ್ತು. ಹೊಸಕೋಟೆಯ ಕೆರೆ ಬತ್ತಿದ ವರ್ಷಗಳಲ್ಲಿ ಅದರ ಅಂಗಳವೇ ಹುಡುಗರ ಆಟದ ಬಯಲಾಗುತ್ತಿತ್ತು. ನೀರು ಇಳಿದು ಕೆಲವು ವಾರಗಳವರೆಗೆ ಜೇಡಿಮಣ್ಣು ನುಣುಪಾದ ಹಲಗೆಯಂತಿದ್ದು ಚೆಂಡು ನೆಟ್ಟಗೆ ಪುಟಿಯುತ್ತದೆ. ಬಿಸಿಲು ಬಲಿತಂತೆ ಅಂಗೈಯಗಲದ ಹೆಂಟೆಗಳಾಗಿ ಬಿರಿದು, ಅಂಚುಗಳು ಮೇಲಕ್ಕೆ ಸುರುಟಿ, ಅದರ ಮೇಲೆ ಬಿದ್ದ ಚೆಂಡು ಹಾಕಿದವನಿಗೂ ತಿಳಿಯದ ದಿಕ್ಕಿಗೆ ಹೊರಳುತ್ತದೆ. ಪಂದ್ಯದ ಪಿಚ್ಚೂ ಜೇಡಿಯಿಂದಲೇ ಕಟ್ಟಿದ್ದಾದುದರಿಂದ ಮೂರು ನಾಲ್ಕು ದಿನಗಳಲ್ಲಿ ಅದಕ್ಕೆ ಆಗುವುದೂ ಇದೇ ಗತಿ. ಬರಿಗಾಲಿನಲ್ಲಿ ಆ ಬಿರುಕುಗಳನ್ನು ತುಳಿದು ಬೆಳೆದವನಿಗೆ, ಮೂರನೆಯ ದಿನ ಮಧ್ಯಾಹ್ನ ವೇಗದವನಿಗೆ ಚೆಂಡು ಕೊಟ್ಟ ನಾಯಕನ ತಪ್ಪನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಗಾಳಿಯ ಸಂಗತಿಯೂ ಹಾಗೆಯೇ. ತೇಲಿಸಿ ಹಾಕುವವನು ಗಾಳಿಗೆ ಎದುರಾಗಿ ಹಾಕಿದರೆ ಚೆಂಡು ತಡೆದಂತಾಗಿ ಬೇಗ ಇಳಿಯುತ್ತದೆ, ಗಾಳಿಯ ಬೆನ್ನಿಗೆ ಹಾಕಿದರೆ ದಾಂಡಿಗೆ ನೇರವಾಗಿ ಹೋಗಿ ಸಿಕ್ಕುತ್ತದೆ. ಆದಕಾರಣ ಪ್ರಸನ್ನರಿಗೆ ಗಾಳಿ ಎದುರಾಗುವ ತುದಿ, ಚಂದ್ರರಿಗೆ ಅದರ ಬೆನ್ನಿನ ತುದಿ ಎಂದು ಹೊಸಕೋಟೆಯ ಹೋಟೆಲಿನ ಬೆಂಚಿನ ಮೇಲೆ ತೀರ್ಪಾಗುತ್ತಿತ್ತು.

ಮದರಾಸಿನ ಕಡೆಗೆ ತೆರೆದ ಕಿವಿಯ ಮಾತನ್ನು ಈಗ ಹೇಳಬಹುದು. ಪ್ರಸನ್ನರಂತೆಯೇ ಆಫ್‌ಸ್ಪಿನ್ ಹಾಕುವ ಎಸ್. ವೆಂಕಟರಾಘವನ್ ಮದರಾಸಿನವರು. ಭಾರತದ ತಂಡದಲ್ಲಿ ಬಿಷನ್ ಸಿಂಗ್ ಬೇಡಿಯವರಿಗೂ ಚಂದ್ರರಿಗೂ ಸ್ಥಾನ ಸ್ಥಿರವಾಗಿದ್ದರೆ, ಮಿಕ್ಕ ಒಂದು ಸ್ಥಾನಕ್ಕೆ ಪ್ರಸನ್ನರೋ ವೆಂಕಟರಾಘವನ್ನರೋ ಎಂಬ ಪ್ರಶ್ನೆ ಹತ್ತು ವರ್ಷಗಳಿಗೂ ಮೀರಿ ಉಳಿಯಿತು. ನಾಲ್ವರೂ ಒಟ್ಟಿಗೆ ಆಡಿದ್ದು ಒಂದೇ ಒಂದು ಟೆಸ್ಟಿನಲ್ಲಿ, 1967ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ. ಅರ್ಧ ಊರಿಗೆ ಆ ದಾರಿಯಲ್ಲಿಯೇ ನೆಂಟಸ್ತಿಕೆ, ವ್ಯಾಪಾರಗಳಿದ್ದ ಹೊಸಕೋಟೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರು ನುಡಿಗಳಲ್ಲಿಯೂ ಈ ವಾದ ನಡೆಯುತ್ತಿತ್ತು. ಟ್ರಾನ್ಸಿಸ್ಟರನ್ನು ಸುತ್ತುವರಿದು ಕುಳಿತವರಲ್ಲಿ ಒಬ್ಬರು, “ಏನ್ ಮೇಷ್ಟ್ರೇ, ಪ್ರಸನ್ನನ್ನ ಕೂರಿಸಿ ವೆಂಕಟನ್ನ ಆಡಿಸ್ತಾರಲ್ಲ, ಇದು ನ್ಯಾಯವಾ?” ಎಂದು ಕೇಳಿದರೆ, ಮೇಷ್ಟರು, “ಗೌಡ್ರೇ, ವೆಂಕಟ ಸ್ಲಿಪ್ಪಿನಲ್ಲಿ ಹಿಡಿಯೋ ಕ್ಯಾಚನ್ನ ನಿಮ್ಮ ಪ್ರಸನ್ನ ಹಿಡೀತಾರಾ?” ಎಂದು ತಿರುಗಿ ಕೇಳುವರು. 1971ರ ಇಂಗ್ಲೆಂಡ್ ಪ್ರವಾಸದಲ್ಲಿ ಪ್ರಸನ್ನರಿಗೆ ಒಂದು ಟೆಸ್ಟಿನಲ್ಲಿಯೂ ಅವಕಾಶವಾಗಲಿಲ್ಲ; ಆ ನೋವನ್ನು ಊರಿನ ಅರ್ಧ ಭಾಗ ಬಹುಕಾಲ ನೆನೆಯುತ್ತಿತ್ತು. ಆದರೆ ಆ ವರ್ಷದ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಚಂದ್ರರು 38 ಓಟಗಳಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಕೆಡವಿದಾಗ ಎದುರಿನ ತುದಿಯನ್ನು ಹಿಡಿದು ನಿಂತವರಲ್ಲಿ ಮುಖ್ಯರು ವೆಂಕಟರಾಘವನ್ನರೇ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. 1974ರ ಡಿಸೆಂಬರಿನಲ್ಲಿ ವೆಂಕಟರಾಘವನ್ನರು ದೆಹಲಿ ಟೆಸ್ಟಿಗೆ ನಾಯಕರಾಗಿದ್ದು ಮರು ಟೆಸ್ಟಿನಲ್ಲಿಯೇ ಹನ್ನೆರಡನೆಯ ಆಟಗಾರರಾದಾಗ ನೋಯುವ ಸರದಿ ಮದರಾಸಿನ ಪಕ್ಷದವರದಾಯಿತು. ಇಬ್ಬರು ಸಮರ್ಥರಲ್ಲಿ ಒಬ್ಬರಿಗೆ ಮಾತ್ರ ಜಾಗವಿದ್ದಾಗ ಎರಡು ಪಕ್ಷಗಳೂ ಸರಿಯೇ ಇರುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

1974ರ ಮಾರ್ಚ್ ತಿಂಗಳ ಸೆಮಿಫೈನಲ್ ಪಂದ್ಯವನ್ನು ಮಾತ್ರ ಯಾವ ಪಕ್ಷಭೇದವೂ ಇಲ್ಲದೆ ಊರೆಲ್ಲ ಒಂದಾಗಿ ಸ್ಮರಿಸುತ್ತದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಇನ್ನೂ ಆರು ತಿಂಗಳು ತುಂಬಿರಲಿಲ್ಲ. 1958-59ರಿಂದ ಹದಿನೈದು ವರ್ಷಗಳ ಕಾಲ ಎಡೆಬಿಡದೆ ಟ್ರೋಫಿಯನ್ನು ಹೊತ್ತೊಯ್ದಿದ್ದ ಮುಂಬಯಿ ತಂಡ ಬೆಂಗಳೂರಿನ ಹೊಸ ಮೈದಾನಕ್ಕೆ ಬಂದಿಳಿಯಿತು. ಪ್ರಸನ್ನರೇ ನಾಯಕರು. ಜಿ. ಆರ್. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ಓಟ ಗಳಿಸಿ ಕರ್ನಾಟಕದ ಮೊತ್ತ 385ಕ್ಕೆ ಏರಿತು. ಪಂದ್ಯ ಪೂರ್ಣವಾಗಿ ಮುಗಿಯುವ ಸಂಭವ ಕಡಿಮೆಯಾಗಿದ್ದರಿಂದ ಮೊದಲ ಸರದಿಯ ಮುನ್ನಡೆಯೇ ಗೆಲುವನ್ನು ನಿರ್ಣಯಿಸುವುದೆಂದು ಎಲ್ಲರಿಗೂ ತಿಳಿದಿತ್ತು. ಸುನಿಲ್ ಗಾವಸ್ಕರರಿಗೆ ಪ್ರಸನ್ನರು ಹಾಕಿದ ಆ ಚೆಂಡನ್ನು, ತೇಲಿ ಬಂದು, ಹೊರಗಿನಿಂದ ಒಳನುಗ್ಗಿ, ಅಥವಾ ಕೆಲವರು ಆಣೆಯಿಟ್ಟು ಹೇಳುವಂತೆ ಒಳಗಿನಿಂದ ಹೊರಳಿ, ಗೂಟವನ್ನು ತಾಗಿದ ಆ ಒಂದು ಚೆಂಡನ್ನು, ಕಂಡವರೂ ಕಾಣದವರೂ ಸಮಾನವಾದ ಉತ್ಸಾಹದಿಂದ ವರ್ಣಿಸುವುದುಂಟು. ಮುಂಬಯಿಯ ನಾಯಕ ಅಜಿತ್ ವಾಡೇಕರ್ ಚೆನ್ನಾಗಿ ಬೇರೂರಿ ಆಡುತ್ತಿದ್ದವರು ಓಡುವಾಗ ಕಾಲು ಜಾರಿ ರನ್‌ಔಟಾದರು. ಮುಂಬಯಿ 307ಕ್ಕೆ ಮುಗಿಯಿತು. ಪ್ರಸನ್ನ ಒಂದು ತುದಿ, ಚಂದ್ರ ಇನ್ನೊಂದು ತುದಿ: ಮೈಸೂರು ನಾಲ್ವತ್ತು ವರ್ಷ ಹುಡುಕುತ್ತಿದ್ದ ಉತ್ತರ ಆ ದಿನ ಕೈಗೂಡಿತು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಪಡೆಯಿತು. 1977-78ರಲ್ಲಿ ಪ್ರಸನ್ನರ ನಾಯಕತ್ವದಲ್ಲಿಯೇ ಎರಡನೆಯ ಸಲವೂ ಗೆದ್ದಿತು.

ಆದರೆ ಜೋಡಿ ಶಾಶ್ವತವಲ್ಲ. ಅವರಿಬ್ಬರ ಕಾಲ ಕಳೆದ ಮೇಲೆ ನಡೆದ 1981-82ರ ಋತುವು ಈ ವಾದದ ಇತಿಹಾಸದಲ್ಲಿ ಅತ್ಯಂತ ಕಹಿಯಾದ ಅಧ್ಯಾಯ. ಸೆಮಿಫೈನಲಿನಲ್ಲಿ ಎಡಗೈ ಸ್ಪಿನ್ನರ್ ರಘುರಾಮ್ ಭಟ್ಟರು ಬೆಂಗಳೂರಿನಲ್ಲಿ ಮುಂಬಯಿಯ ಮೇಲೆ ಹ್ಯಾಟ್ರಿಕ್ ಸಹಿತವಾಗಿ ಎಂಟು ವಿಕೆಟ್ಟುಗಳನ್ನು ಒಂದೇ ಸರದಿಯಲ್ಲಿ ಕಿತ್ತರು. ಎರಡನೆಯ ಸರದಿಯಲ್ಲಿ, ಬಲಗೈ ದಾಂಡಿಗನಿಂದ ದೂರಕ್ಕೆ ಹೊರಳುತ್ತಿದ್ದ ಅವರ ಚೆಂಡನ್ನು ಎದುರಿಸಲು ಬೇರೆ ದಾರಿಗಾಣದೆ ಗಾವಸ್ಕರರು ಎಡಗೈ ದಾಂಡಿಗರಾಗಿ ನಿಂತು ಆಡಿದರು. ಒಬ್ಬ ಬೌಲರನಿಗೆ ಸಂದ ಗೌರವಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಬೇರೆ ಕೇಳಿಲ್ಲ. ಇಷ್ಟಾದ ಮೇಲೆ ದೆಹಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕದ ದಾಂಡಿಗರು 705 ಓಟಗಳ ಬೆಟ್ಟವನ್ನೇ ಕಟ್ಟಿದರು. ಟ್ರೋಫಿ ಬಂದಂತೆಯೇ ಎಂದು ಹೊಸಕೋಟೆಯಲ್ಲಿ ಮಾತಾಡಿಕೊಂಡರು. ದೆಹಲಿಯವರು ಒಂದೊಂದು ಮೆಟ್ಟಿಲನ್ನೇ ಹತ್ತುತ್ತ ಹೋಗಿ, ಎಂಟು ವಿಕೆಟ್ ಬಿದ್ದ ಮೇಲೂ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಎಂಬ ಇಬ್ಬರು ಕದಲದೆ ನಿಂತು, 707 ಓಟಗಳನ್ನು ಮುಟ್ಟಿಬಿಟ್ಟರು. ಎರಡು ಓಟ! ಯಾವ ಬೌಲರನನ್ನು ಯಾವ ಗಳಿಗೆಯಲ್ಲಿ ಯಾವ ತುದಿಯಿಂದ ತಂದಿದ್ದರೆ ಆ ಒಂಬತ್ತನೆಯ ವಿಕೆಟ್ ಬೀಳುತ್ತಿತ್ತೆಂಬ ವಿಚಾರಣೆ ಮುಂದಿನ ಋತುವಿನವರೆಗೂ ನಡೆಯಿತು. ಮುಂದಿನ ಋತುವಿನಲ್ಲಿ, ಬ್ರಿಜೇಶ್ ಪಟೇಲರ ನಾಯಕತ್ವದಲ್ಲಿ, ಮುಂಬಯಿಯನ್ನು ಅದರ ವಾಂಖೆಡೆ ಮೈದಾನದಲ್ಲಿಯೇ ಮೊದಲ ಸರದಿಯ ಮುನ್ನಡೆಯಿಂದ ಸೋಲಿಸಿದ ಮೇಲೆಯೇ ಅದು ತಣ್ಣಗಾದದ್ದು.

1989-90ರಲ್ಲಿ ನಾಡಿನ ಬೌಲಿಂಗಿನ ಸ್ವರೂಪವೇ ಬದಲಾಯಿತು. ಜಾವಗಲ್ ಶ್ರೀನಾಥ್ ಹೈದರಾಬಾದಿನ ಎದುರು ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಪಡೆದರು. ಅದೇ ಋತುವಿನಲ್ಲಿ ಅನಿಲ್ ಕುಂಬ್ಳೆಯೂ ಕಾಣಿಸಿಕೊಂಡರು. ಪ್ರಸನ್ನರಂತೆ ಇವರಿಬ್ಬರೂ ಇಂಜಿನಿಯರಿಂಗ್ ಓದಿದವರೆಂಬುದನ್ನು ಊರಿನ ತಂದೆತಾಯಂದಿರು ಮಕ್ಕಳಿಗೆ ತಪ್ಪದೆ ನೆನಪಿಸುತ್ತಿದ್ದರು. ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್, ಅರಸೀಕೆರೆಯ ಡೇವಿಡ್ ಜಾನ್ಸನ್ ವೇಗದ ಪಂಕ್ತಿಯನ್ನು ತುಂಬಿದರು. ಗದಗಿನಿಂದ ಬಂದ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ 1995-96ರ ಒಂದೇ ರಣಜಿ ಋತುವಿನಲ್ಲಿ ಐನೂರಕ್ಕೂ ಹೆಚ್ಚು ಓಟಗಳನ್ನೂ ಐವತ್ತಕ್ಕೂ ಹೆಚ್ಚು ವಿಕೆಟ್ಟುಗಳನ್ನೂ ಗಳಿಸಿದರು. ಸ್ಪಿನ್ನರುಗಳ ನಾಡೆಂದು ಹೆಸರಾಗಿದ್ದುದು ವೇಗದವರ ನಾಡಾಯಿತು. 1996ರ ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿಯೂ 1997ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿಯೂ ದಕ್ಷಿಣ ಆಫ್ರಿಕದ ಮೇಲೆ ಭಾರತ ಆಡಿದಾಗ, ಶ್ರೀನಾಥ್, ಪ್ರಸಾದ್, ಕುಂಬ್ಳೆಯರೊಡನೆ ಮೊದಲನೆಯದರಲ್ಲಿ ಜಾನ್ಸನ್, ಎರಡನೆಯದರಲ್ಲಿ ಗಣೇಶ್ ಇದ್ದು, ದೇಶದ ನಾಲ್ವರು ಮುಖ್ಯ ಬೌಲರುಗಳೂ ಒಂದೇ ರಾಜ್ಯದವರಾಗಿದ್ದರು. ಭಾರತದ ಬೌಲಿಂಗ್ ಸರದಿಯ ಚರ್ಚೆಯೂ ಕರ್ನಾಟಕದ ಬೌಲಿಂಗ್ ಸರದಿಯ ಚರ್ಚೆಯೂ ಒಂದೇ ಆಗಿಹೋದ ಕಾಲ ಅದು. ಅದರ ಫಲವಾಗಿ ರಣಜಿ ಪಂದ್ಯಗಳಿಗೆ ಈ ನಾಲ್ವರೂ ದೊರೆಯದ ವಾರಗಳೂ ಬಂದುವು. ಅಂಥ ವಾರಗಳಲ್ಲಿ ಯಾರನ್ನು ನೆಚ್ಚಬೇಕೆಂಬ ಹಳೆಯ ವಿಜಯಕೃಷ್ಣರ ಕಾಲದ ಪ್ರಶ್ನೆ ಮತ್ತೆ ತಲೆಯೆತ್ತಿತು.

ಎದುರಿನ ತುದಿ ಎಂದರೇನೆಂಬುದು ಲೋಕಕ್ಕೆ ತಿಳಿದದ್ದು 1999ರ ಫೆಬ್ರುವರಿ 7ರಂದು. ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ಟುಗಳನ್ನು ಕುಂಬ್ಳೆಯೊಬ್ಬರೇ ಪಡೆದಿದ್ದರು. ಆಗ ಚೆಂಡು ಶ್ರೀನಾಥರ ಕೈಗೆ ಬಂತು. ಬೌಲರನಾದವನು ಹುಟ್ಟಿದಂದಿನಿಂದ ಕಲಿತದ್ದು ವಿಕೆಟ್ ಕೀಳುವುದನ್ನು. ಶ್ರೀನಾಥರು ಆ ಒಂದು ಓವರಿನಲ್ಲಿ ಕಲಿತದ್ದೆಲ್ಲವನ್ನೂ ಬದಿಗಿಟ್ಟು, ತಪ್ಪಿಯೂ ತಮಗೆ ವಿಕೆಟ್ ಸಿಕ್ಕದಂತೆ ಚೆಂಡನ್ನು ಗೂಟದಿಂದ ಆಚೆಗೆ, ದಾಂಡಿಗೆ ನಿಲುಕದಷ್ಟು ದೂರಕ್ಕೆ ಹಾಕಿದರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಕ್ಯಾಚಿತ್ತರು. 74 ಓಟಗಳಿಗೆ 10 ವಿಕೆಟ್. ಆ ಹೊತ್ತಿಗೆ ಟೆಲಿವಿಷನ್ ಮನೆಮನೆಗೂ ಬಂದಿತ್ತು. ಆ ದಿನದ ಕುಂಬ್ಳೆಯನ್ನು ಹೊಗಳದವರಿಲ್ಲ. ಶ್ರೀನಾಥರ ಆ ಓವರನ್ನು ನಾನು ಅದಕ್ಕಿಂತ ಕಡಿಮೆಯದೆಂದು ಎಣಿಸಲಾರೆ.

2013-14, 2014-15ರ ಎರಡು ಋತುಗಳಲ್ಲಿ ಆರ್. ವಿನಯಕುಮಾರರ ನಾಯಕತ್ವದಲ್ಲಿ ಕರ್ನಾಟಕ ಸತತವಾಗಿ ಎರಡು ಸಲ ರಣಜಿ ಟ್ರೋಫಿಯನ್ನು ಗೆದ್ದಾಗ ಚೆಂಡು ಹೆಚ್ಚಾಗಿ ಸುತ್ತಿದ್ದು ವಿನಯ, ಅಭಿಮನ್ಯು ಮಿಥುನ್, ಎಸ್. ಅರವಿಂದ್ ಎಂಬ ಮೂವರು ವೇಗದವರ ಕೈಗಳಲ್ಲಿ. ಎರಡನೆಯ ಸಲದ ಅಂತಿಮ ಪಂದ್ಯದ ಎದುರಾಳಿ ತಮಿಳುನಾಡು, ಎಂಬತ್ತು ವರ್ಷಗಳ ಹಿಂದೆ ಮೈಸೂರನ್ನು ಒಂದೇ ದಿನದಲ್ಲಿ ಕೆಡವಿದ ಆ ಮದರಾಸಿನ ಉತ್ತರಾಧಿಕಾರಿ. ವಾಂಖೆಡೆಯಲ್ಲಿ ಅದು ಮೊದಲ ದಿನವೇ 134ಕ್ಕೆ ಮುಗಿಯಿತು, ವಿನಯರಿಗೆ ಐದು ವಿಕೆಟ್. ಕರುಣ್ ನಾಯರ್ ಅನಂತರ 328 ಓಟ ಗಳಿಸಿದರು. ಮೂವರ ಈ ಸರದಿಯನ್ನು ಕಂಡ ಮೇಲೆ ಹೊಸಕೋಟೆಯಲ್ಲಿ ಹಿರಿಯರಿಗೂ ಕಿರಿಯರಿಗೂ ನಡುವೆ ಹುಟ್ಟಿದ ಭಿನ್ನಾಭಿಪ್ರಾಯ ಇಂದಿಗೂ ಬಗೆಹರಿದಿಲ್ಲ.

ಕಿರಿಯರು ಬೆಳೆದದ್ದು ಇಪ್ಪತ್ತು ಓವರಿನ ಆಟವನ್ನು ನೋಡುತ್ತ. ಅಲ್ಲಿ ಒಬ್ಬನಿಗೆ ನಾಲ್ಕೇ ಓವರು. ಅವುಗಳನ್ನು ಎಲ್ಲಿ ಎರಡಾಗಿ, ಎಲ್ಲಿ ಒಂದೊಂದಾಗಿ ಖರ್ಚು ಮಾಡಬೇಕೆಂಬ ಲೆಕ್ಕ ಅವರಿಗೆ ಕರತಲಾಮಲಕ. ಭಾನುವಾರ ಬೆಳಗಿನ ಜಾವದಲ್ಲಿಯೇ ಬೆಂಗಳೂರಿನಿಂದ ಬಿರಿಯಾನಿಗಾಗಿ ಹೊಸಕೋಟೆಗೆ ಬಂದು ಸಾಲುಗಟ್ಟಿ ನಿಲ್ಲುವ ಯುವಕರ ಬಾಯಲ್ಲಿಯೂ, ಟೆನಿಸ್ ಬಾಲಿನ ಪಂದ್ಯ ಮುಗಿಸಿ ಬರುವ ನಮ್ಮ ಊರಿನ ಹುಡುಗರ ಬಾಯಲ್ಲಿಯೂ ಇದೇ ಲೆಕ್ಕ. ಬೌಲರನು ವಾರಕ್ಕೆ ಎಷ್ಟು ಚೆಂಡು ಹಾಕಿದನೆಂದು ತಂಡದ ಚಿಕಿತ್ಸಕರು ಎಣಿಸುವ ಪದ್ಧತಿ ಬಂದು, ಒಂದು ಪಂದ್ಯ ಆಡಿದವನನ್ನು ಮುಂದಿನದರಲ್ಲಿ ಕೂರಿಸುವುದು ಸಾಮಾನ್ಯವಾಗಿ, ಅಮೆರಿಕದವರ “ಯಾವ ದಿನ ಯಾರು?” ಎಂಬ ಪ್ರಶ್ನೆಯೂ ನಮ್ಮದಾಗಿದೆ. ಪ್ರಸಿದ್ಧ ಕೃಷ್ಣ ಭಾರತ ತಂಡದಿಂದ ಬಂದರೆ ಅವರನ್ನು ಎಷ್ಟು ಪಂದ್ಯಗಳಿಗೆ ನೆಚ್ಚಬಹುದು, ವೈಶಾಖ್ ವಿಜಯಕುಮಾರ್, ವಿದ್ವತ್ ಕಾವೇರಪ್ಪ ಇವರಲ್ಲಿ ಹೊಸ ಚೆಂಡು ಯಾರಿಗೆ ಎಂದು ಕಿರಿಯರು ಫೋನಿನಲ್ಲಿ ಅಂಕಿಗಳನ್ನು ತೆರೆದಿಟ್ಟು ತೋರಿಸುತ್ತಾರೆ. ಮೂವರು ವೇಗದವರು, ಒಬ್ಬ ಸ್ಪಿನ್ನರ್, ಇದೇ ಗೆಲ್ಲುವ ಸೂತ್ರವೆಂಬುದು ಅವರ ಮತ. ಹಿರಿಯರು ಪಟ್ಟಿಯಲ್ಲಿ ಮೊದಲು ಹುಡುಕುವುದು ಸ್ಪಿನ್ನರುಗಳ ಹೆಸರನ್ನು. ಕೆ. ಗೌತಮ್, ಶ್ರೇಯಸ್ ಗೋಪಾಲ್ ಒಟ್ಟಿಗೆ ಆಡುತ್ತಿದ್ದ ವರ್ಷಗಳಲ್ಲಿ, ಒಬ್ಬರದು ಆಫ್‌ಸ್ಪಿನ್ ಇನ್ನೊಬ್ಬರದು ಲೆಗ್‌ಸ್ಪಿನ್ ಆದುದರಿಂದ, ಅವರಿಗೆ ಹಳೆಯ ಜೋಡಿಯ ಆಸೆ ಚಿಗುರಿತ್ತು. ಮೂರನೆಯ ದಿನ ಪಿಚ್ ಬಿರಿದಾಗ ಎರಡು ತುದಿಗಳಿಂದಲೂ ಚೆಂಡು ತಿರುಗದೆ ನಾಲ್ಕು ದಿನದ ಪಂದ್ಯವನ್ನು ಪೂರ್ತಿಯಾಗಿ ಗೆಲ್ಲಲಾಗದೆಂದು ಅವರು ಹೇಳುತ್ತಾರೆ. ಈಗಿನ ಪಿಚ್ಚುಗಳು ಹಾಗೆ ಬಿರಿಯುವುದೇ ಇಲ್ಲವಲ್ಲ, ತಾತ, ಎಂದು ಹುಡುಗರು ಉತ್ತರ ಕೊಡುತ್ತಾರೆ. ಪಿಚ್ಚನ್ನು ಯಾರು ಹೇಗೆ ಕಟ್ಟಬೇಕೆಂಬಲ್ಲಿಗೆ ವಾದ ಹೊರಳಿ, ಪಟ್ಟಿ ಬಂದ ದಿನದಿಂದ ಮೊದಲ ಪಂದ್ಯದ ಬೆಳಗಿನವರೆಗೂ ಹಾಗೆಯೇ ಸಾಗುತ್ತದೆ.